ಬಾಣದ ಮೇಲೆ ಭಾವನ ಹೆಸರು

ನಮ್ಮ ಭಾವನ ಎದುರು ಅಲುಗಾಡದೆ ಸ್ವಲ್ಪ ಹೊತ್ತು ಕೂತಿರಿ ನೋಡೋಣ! ನಿಮ್ಮ ಹಣೆಗೂ ಒಂದು ಸ್ಟಿಕ್ಕರ್ ಬೀಳದಿದ್ದರೆ ನನ್ನನ್ನು ಕೇಳಿ. ನಂಬಿಕೆ ಬರದಿದ್ದರೆ ಯಲ್ದೂರಿಗೆ ಹೋಗಿ ಅವರ ಮನೆಯ ಮುದಿ ಎಮ್ಮೆಯನ್ನು ಮಾತಾಡಿಸಿಕೊಂಡು ಬನ್ನಿ. ಎರಡು ಕೊಂಬಿಗೂ ಕೆಂಪು ರೇಡಿಯಂ ಪಟ್ಟಿ. ಬಲಗೊಂಬಿನ ಮೇಲೆ ‘ವೈ.ಎನ್.’ ಎಂದು ದಪ್ಪಕ್ಷರ, ಆ ಅಕ್ಷರಗಳ ಆಚೆಗೊಂದು ಈಚೆಗೊಂದು ಹಳದಿ ಮಾವಿನ ಹಣ್ಣು. ವೈ ಅಂದರೆ ಯಲ್ದೂರು, ಎನ್ ಅಂದರೆ ನಮ್ಮ ಭಾವ. ಪೂರ್ತಿ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಈ ಪುಟದ ಮೇಲೂ ಬಂದು ಅಂಟಿಸಿ ಹೋಗುವ ಆಸಾಮಿ!

ಭಾವ ಅಂದರೆ ನನ್ನ ಅಕ್ಕನ ಗಂಡ. ಒಂದು ಮಾವಿನ ತೋಪು, ಒಂದಿಷ್ಟು ರಾಗಿ ಹೊಲ, ಒಂದು ಟ್ರ್ಯಾಕ್ಟರ್, ಲೆಕ್ಕವಿಲ್ಲದಷ್ಟು ಸ್ಟಿಕ್ಕರ್, ಇದು ಅವರ ಆಸ್ತಿ. ನಾನು ಮಾಲೂರಿನಲ್ಲಿ ಒಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಭಾವನನ್ನು ಆಡಿಕೊಳ್ಳುವುದು ನಾದಿನಿಯಾದವಳ ಹುಟ್ಟುಹಕ್ಕು. ನಾನು ಆ ಹಕ್ಕನ್ನು ಅಕ್ಕನ ಮದುವೆಯ ದಿನದಿಂದ ಇವತ್ತಿನವರೆಗೆ ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಈ ಕಾಯಿಲೆ ಶುರುವಾದದ್ದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ. ಸೀಜನ್ನಿನಲ್ಲಿ ಅಲ್ಲಿಗೆ ಬರುವ ಕ್ರೇಟುಗಳೆಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಒಂದು ವರ್ಷ ಭಾವನ ಕ್ರೇಟುಗಳು ಯಾರದೋ ಲಾರಿ ಹತ್ತಿ ಹೋದವು. ಬೇರೆಯವರಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಭಾವ ಮಾತ್ರ ನೆಟ್ಟಗೆ ಬಸ್ ಸ್ಟ್ಯಾಂಡಿನ ಪಕ್ಕದ ರೇಡಿಯಂ ಕಟಿಂಗ್ ಅಂಗಡಿಗೆ ಹೋದರು. ಆಟೋಗಳ ಹಿಂದೆ ದೇವರ ಹೆಸರು, ಲಾರಿಗಳ ಮುಂದೆ ಹುಲಿಯ ಮುಖ ಕತ್ತರಿಸಿ ಅಂಟಿಸುವ ಅಂಗಡಿ ಅದು. ಅಂಗಡಿಯ ಬಾಷಾ ಭಾಯಿ ಅವತ್ತು ಕ್ರೇಟುಗಳಿಗೆಂದು ಸ್ಟಿಕ್ಕರ್ ಮಾಡಿಕೊಟ್ಟ. ಕ್ರೇಟು ಮುಗಿದ ಮೇಲೂ ಸ್ಟಿಕ್ಕರ್ ಮಿಕ್ಕಿತ್ತು. ಅಲ್ಲೇ ನೋಡಿ ಎಡವಟ್ಟಾದದ್ದು! ಮಿಕ್ಕಿದ್ದನ್ನು ಗುದ್ದಲಿಗೆ ಅಂಟಿಸಿದರು. ಗುದ್ದಲಿ ಚೆನ್ನಾಗಿ ಕಾಣಿಸಿತಂತೆ. ಆಮೇಲೆ ಹಾಲಿನ ಕ್ಯಾನು, ಪಂಪ್‌ಸೆಟ್ಟು, ಏಣಿ, ಅಕ್ಕನ ಹೊಲಿಗೆ ಮೆಷಿನ್ನು, ಬಚ್ಚಲಿನ ಚೊಂಬು. ಹೋದ ವರ್ಷ ಬಾಷಾ ಭಾಯಿಯೇ ಕೈಮುಗಿದು ಕೇಳಿದನಂತೆ: “ಅಣ್ಣಾ, ನಿಮ್ಮನೇಲಿ ಇನ್ನೇನ್ ಬಾಕಿ ಐತೆ? ಒಂದು ಸಲ ಹೇಳ್ಬಿಡಿ, ಒಟ್ಟಿಗೇ ಕಟ್ ಮಾಡಿ ಕೊಟ್ಬಿಡ್ತೀನಿ!”

ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ ಆದದ್ದನ್ನಂತೂ ಯಲ್ದೂರಿನಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಹೆಣವನ್ನು ಅಂಗಳದಲ್ಲಿ ಮಲಗಿಸಲು ಭಾವನ ಮನೆಯ ಮರದ ಬೆಂಚು ತಂದರು. ಅದರ ಅಂಚಿನುದ್ದಕ್ಕೂ ಮಿರಮಿರ ಮಿಂಚುವ ಅಕ್ಷರದಲ್ಲಿ, ‘ವೈ.ಎನ್. ಅವರದು. ಕೆಲಸ ಮುಗಿದ ಮೇಲೆ ವಾಪಸ್ ಕೊಡಿ’ ಎಂದು ಬರೆದಿತ್ತು. ಅಳುತ್ತಿದ್ದವರೆಲ್ಲ ಅದನ್ನು ಓದಿ ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜನ ಮಗ ಬಂದವನೇ ಭಾವನ ಮುಖ ನೋಡಿ ಕೇಳಿದ: “ಮಾವ, ವಾಪಸ್ ಕೊಡ್ಬೇಕಾಗಿರೋದು ಬೆಂಚನ್ನೋ, ನಮ್ಮಪ್ಪನ್ನೋ?”

ಮುಳಬಾಗಿಲಿನ ಒಂದು ಮದುವೆಯಲ್ಲಿ ಇನ್ನೂ ಚೆಂದ. ಭಾವನ ಚಪ್ಪಲಿಯ ಹಿಮ್ಮಡಿಗೂ ರೇಡಿಯಂ. ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಊಟ ಮುಗಿಸಿ ಬರುವಷ್ಟರಲ್ಲಿ ಮಾಯ. ಭಾವ ರಸ್ತೆಗೆ ಬಂದು ನಿಂತರು. ಬಸ್ಸೊಂದರ ಲೈಟು ಬಿದ್ದಾಗ ದೂರದಲ್ಲಿ ಎರಡು ಕೆಂಪು ಚುಕ್ಕೆ ಟಕ್ ಟಕ್ ಅಂತ ನಡೆದುಹೋಗುವುದು ಕಾಣಿಸಿತು. “ಏಯ್, ನಿಲ್ಲೋ!” ಎಂದು ಕೂಗುತ್ತಾ ಬರಿಗಾಲಲ್ಲಿ ಓಡಿ ಹಿಂದಿನಿಂದ ಕತ್ತಿನಪಟ್ಟಿ ಹಿಡಿದರು. ತಿರುಗಿ ನೋಡಿದವರು ಗಂಡಿನ ತಂದೆ! ಅಷ್ಟಾದ ಮೇಲಾದರೂ ಹೋಗಲಿ ಬಿಡಿ ಎನ್ನಬಾರದೆ? ಬೀಗರ ಕಾಲಿನಿಂದ ಚಪ್ಪಲಿ ಬಿಚ್ಚಿಸಿಕೊಂಡೇ ಬಂದರು ಮಹಾನುಭಾವ.

ಇನ್ನೊಂದು ಮಾತು. ಅಂಟಿಸುವುದರಲ್ಲಿ ಭಾವನಿಗೆ ವಿಪರೀತ ಮಡಿ. ಸ್ಟಿಕ್ಕರ್ ನೆಟ್ಟಗಿರಬೇಕು, ಗುಳ್ಳೆ ಏಳಬಾರದು. ಸೊಟ್ಟ ಸ್ಟಿಕ್ಕರ್ ಕಂಡರೆ ಬೇರೆಯವರದ್ದಾದರೂ ಬಿಡುವುದಿಲ್ಲ. ಕೋಲಾರದಲ್ಲಿ ಒಮ್ಮೆ ಯಾರೋ ಅಪರಿಚಿತ ಬೈಕು ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದ. ಅವನ ಪೆಟ್ರೋಲ್ ಟ್ಯಾಂಕಿನ ಮೇಲೆ ದೇವರ ಚಿತ್ರ ಒಂದು ಕಡೆಗೆ ವಾಲಿತ್ತು. ಭಾವ ಉಗುರು ಹಾಕಿ ಎಬ್ಬಿಸಿ ಸರಿಮಾಡಲು ಕೂತರು. ಅವನು ಪೆಟ್ರೋಲ್ ಕಳ್ಳನೆಂದು ತಿಳಿದು ಗ್ಲಾಸು ಬಿಸಾಕಿ ಓಡಿಬಂದ. “ತಡಿಯಪ್ಪಾ, ದೇವರು ಸೊಟ್ಟಗವ್ನೆ” ಎಂದು ಭಾವ ಹೇಳಿದ್ದು ಅವನ ಕಿವಿಗೆ ಬೀಳುವ ಮೊದಲೇ ಒಂದು ಗುದ್ದು ಬಿದ್ದಿತ್ತು.

ಇಂಥವರ ಮನೆಗೆ ಒಂದು ಡಜನ್ ಹೊಸ ಬಾಣ ಬಂದರೆ ಏನಾಗಬೇಕು ಹೇಳಿ?

ಬಾಣ ಬಂದದ್ದು ಮೌನಿಕಾಳಿಗೆ. ಅಕ್ಕನ ಒಬ್ಬಳೇ ಮಗಳು, ಕೋಲಾರದ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ಚಿಕ್ಕವಳಿದ್ದಾಗ ತೋಪಿನಲ್ಲಿ ಕಲ್ಲು ಬೀಸಿ, ಇಂಥದ್ದೇ ಕಾಯಿ ಎಂದು ಹೇಳಿ ಅದನ್ನೇ ಉದುರಿಸುತ್ತಿದ್ದ ಹುಡುಗಿ. ಕಾಲೇಜಿಗೆ ಸೇರಿದ ಮೇಲೆ ಬಿಲ್ಲು ಹಿಡಿದಳು, ಹಿಡಿದದ್ದು ಬಿಡಲಿಲ್ಲ. ಅಲ್ಲಿಯ ಕೋಚ್ ಇವಳ ಕೈ ನೋಡಿ, ಇವಳಿಗೆ ಸರಿಯಾದ ಬಾಣ ಕೊಡಿಸಿ ಎಂದರು. ಬಾಣ ಅಂದರೆ ಬಿದಿರುಕಡ್ಡಿಯಲ್ಲ. ಕಾರ್ಬನ್ನಿನ ಕರಿ ಕೊಳವೆ, ಪೆನ್ಸಿಲ್ಲಿಗಿಂತ ಸಪೂರ. ತುದಿಯಲ್ಲಿ ಉಕ್ಕಿನ ಮೊನೆ, ಬಾಲದಲ್ಲಿ ಮೂರು ಪುಟ್ಟ ಪ್ಲಾಸ್ಟಿಕ್ ಗರಿ. ಕೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಭಾವ ತೋಪಿನ ದುಡಿಮೆಯಲ್ಲಿ ತರಿಸಿಕೊಟ್ಟರು, ಅದನ್ನು ಇಲ್ಲ ಅನ್ನಬಾರದು. ಪೆಟ್ಟಿಗೆ ತೆರೆದು ಒಂದು ಬಾಣವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ ಅವರಾಡಿದ ಮೊದಲ ಮಾತು: “ಇದೇನೇ ಮೌನಿ, ಇದರ ಮ್ಯಾಲೆ ಹೆಸರೇ ಇಲ್ವಲ್ಲೇ!”

ಇಲ್ಲಿ ಇನ್ನೊಬ್ಬರ ವಿಷಯ ಹೇಳಬೇಕು. ರಾಯಲ್ಪಾಡಿನಲ್ಲಿರುವ ಭಾವನ ಅಕ್ಕ, ನಾವೆಲ್ಲ ಅಕ್ಕಯ್ಯ ಅನ್ನುತ್ತೇವೆ. ಆಂಧ್ರದ ಗಡಿಯ ಊರು, ಮನೆಯಲ್ಲೆಲ್ಲ ತೆಲುಗು. ಟೊಮೆಟೊ ವ್ಯಾಪಾರ ಮಾಡುವ ಒಬ್ಬ ಮಗನಿದ್ದಾನೆ. ಅತ್ತೆಯ ಮಗನಿಗೆ ಸೋದರಮಾವನ ಮಗಳು ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಅಳಿಸಿಲ್ಲವಲ್ಲ! ಮೌನಿಕಾ ತೊಟ್ಟಿಲಲ್ಲಿದ್ದಾಗಲೇ ಅಕ್ಕಯ್ಯ ಬಂದು ಅವಳ ಕೆನ್ನೆ ಹಿಂಡಿ, “ಪಿಲ್ಲ ಮಾದೇ ಕದರಾ!” ಎಂದಿದ್ದರು. ಹುಡುಗಿ ನಮ್ಮದೇ ಕಣೋ ಅಂತ. ಆಮೇಲೆ ಹಬ್ಬಕ್ಕೆ ಬಂದರೂ ತಿಥಿಗೆ ಬಂದರೂ ಹುಡುಗಿಗೆ ಹೂ ಮುಡಿಸಿ ಅದೇ ಮಾತು, “ಪಿಲ್ಲ ಮಾದಿ.” ತಮ್ಮನದು ಸ್ಟಿಕ್ಕರ್, ಅಕ್ಕನದು ಮಲ್ಲಿಗೆ ದಂಡೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ!

ಹುಡುಗಿಗೆ ಆ ಮದುವೆ ಬೇಡವಾಗಿತ್ತು. ಹುಡುಗ ಕೆಟ್ಟವನೇನಲ್ಲ, ಆದರೆ ಬೇಡ. ಬಿಲ್ಲು ಬೇಕು, ಓದು ಬೇಕು ಅಂದಳು. ಭಾವ ಇಬ್ಬರನ್ನೂ ಎದುರು ಹಾಕಿಕೊಳ್ಳಲಾರದೆ ಒಂದು ಒಪ್ಪಂದಕ್ಕೆ ಬಂದರು. ಜನವರಿಯಲ್ಲಿ ಕೋಲಾರದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯುತ್ತದೆ. ಮೌನಿಕಾ ಆಯ್ಕೆಯಾದರೆ ಮದುವೆಯ ಮಾತು ಯಾರೂ ಎತ್ತಬಾರದು. ಆಗದಿದ್ದರೆ ಬಿಲ್ಲು ಅಟ್ಟಕ್ಕೆ, ಹುಡುಗಿ ರಾಯಲ್ಪಾಡಿಗೆ. ಅಕ್ಕಯ್ಯನಿಗೆ ಮಾತು ಕೊಟ್ಟೇಬಿಟ್ಟರು. ನಾನು ಫೋನಿನಲ್ಲಿ ಕೂಗಾಡಿದೆ. “ಏನ್ ಭಾವ, ಹುಡುಗೀನ ಪಂದ್ಯಕ್ಕೆ ಕಟ್ಟಿದೀರಲ್ಲ, ಕೋಳಿ ಅಂದ್ಕೊಂಡ್ರಾ?” ಎಂದೆ. “ನೀನು ಸುಮ್ನಿರಮ್ಮ, ಅವಳು ಗೆದ್ದೇ ಗೆಲ್ತಾಳೆ” ಎಂದು ಫೋನಿಟ್ಟರು.

ಗೆಲ್ಲುತ್ತಿದ್ದಳೇನೋ. ಆಯ್ಕೆಗೆ ಹತ್ತು ಹನ್ನೆರಡು ದಿನ ಇರುವಾಗ, ಅವಳು ಪರೀಕ್ಷೆಯ ಕೆಲಸಕ್ಕೆಂದು ಕಾಲೇಜಿಗೆ ಹೋಗಿದ್ದ ಹೊತ್ತಲ್ಲಿ, ಭಾವ ಪೆಟ್ಟಿಗೆ ತೆರೆದರು. ಬಾಷಾ ಭಾಯಿಯ ಅಂಗಡಿಯ ಅತ್ಯುತ್ತಮ ಮಾಲು, ಲಾರಿಗಳಿಗೆ ಹಾಕುವ ದಪ್ಪ ರೇಡಿಯಂ, ಕೆಂಪು ಮತ್ತು ಬಂಗಾರದ ಬಣ್ಣದ್ದು. ಅಷ್ಟೂ ಬಾಣಗಳಿಗೆ, ಗರಿಗಳ ಮುಂದೆ, ಒಂದು ಗೇಣುದ್ದ ಸುತ್ತಿಬಿಟ್ಟರು. ಪ್ರತಿಯೊಂದರ ಮೇಲೂ ವೈ.ಎನ್., ಆಚೀಚೆ ಮಾವಿನ ಹಣ್ಣು! ಒಂದು ಗುಳ್ಳೆಯಿಲ್ಲ, ಒಂದು ಎಳೆ ಸೊಟ್ಟವಿಲ್ಲ. ಫೋಟೋ ತೆಗೆದು ನನಗೂ ಕಳಿಸಿದರು.

“ಯಾಕೆ ಭಾವ ಇದು?” ಎಂದೆ.

“ತೋಪಿನಾಗೆ ಪ್ರಾಕ್ಟೀಸ್ ಮಾಡುವಾಗ ಎಲೆ ಒಳಗೆ ಕಳೆದೋಗ್ತದೆ ಕಣಮ್ಮ. ಈಗ ಕತ್ತಲಾಗೂ ಟಾರ್ಚ್ ಬಿಟ್ರೆ ಹೊಳೀತದೆ.”

“ಕತ್ತಲಲ್ಲಿ ಯಾರು ಭಾವ ಬಾಣ ಬಿಡ್ತಾರೆ?”

“ಅಂಗಲ್ಲ, ನಾಳೆ ಯಾರಾದ್ರೂ ಇದು ನಂದು ಅಂದ್ರೆ?”

ಮೌನಿಕಾ ಬಂದು ನೋಡಿ ಅತ್ತಳೋ ನಕ್ಕಳೋ ಗೊತ್ತಿಲ್ಲ. ಅಪ್ಪ ಅಷ್ಟು ಖುಷಿಯಾಗಿದ್ದಾನೆಂದು ಏನೂ ಹೇಳದೆ ಮರುದಿನ ಅದೇ ಬಾಣಗಳನ್ನು ಮೈದಾನಕ್ಕೆ ಒಯ್ದಳು. ನಡುವಿನ ಹಳದಿ ಸುತ್ತಿಗೆ ಹೋಗಿ ಕೂರುತ್ತಿದ್ದ ಬಾಣಗಳು ಈಗ ಕೆಳಗೆ ಬಿದ್ದವು, ಎಡಕ್ಕೆ ಹೋದವು, ಒಂದಂತೂ ಗುರಿಹಲಗೆಯನ್ನೇ ದಾಟಿ ಹುಲ್ಲಿನಲ್ಲಿ ಮಲಗಿತು. ದಪ್ಪ ಪಟ್ಟಿಯ ಭಾರಕ್ಕೆ ಬಾಲ ಜಗ್ಗುತ್ತಿತ್ತು, ಅದರ ಅಂಚು ಬಿಲ್ಲಿಗೆ ಉಜ್ಜುತ್ತಿತ್ತು. ಕೋಚ್ ಒಂದು ಬಾಣ ಎತ್ತಿ ನೋಡಿ ಭಾವನಿಗೇ ಫೋನು ಮಾಡಿದರು. “ಸರ್, ಇದು ಬಾಣ, ಲಾರಿ ಅಲ್ಲ! ಮೊದಲು ಇದನ್ನೆಲ್ಲ ಕೀಳಿಸಿ. ಒಂದು ಗೀರೂ ಬೀಳಬಾರದು.”

ಕೀಳುವುದು! ಮನೆಯ ಫ್ರಿಜ್ಜಿನ ಮೇಲೆ ಕಂಪನಿಯವರು ಅಂಟಿಸಿದ ನಕ್ಷತ್ರದ ಚೀಟಿಯನ್ನೂ ಕೀಳದ ಮನುಷ್ಯನಿಗೆ, ತಾನೇ ಕೈಯಾರೆ ಅಂಟಿಸಿದ್ದನ್ನು, ಅದೂ ಸ್ವಂತ ಹೆಸರನ್ನು ಕೀಳು ಎಂದರೆ! ಅವತ್ತು ಭಾವ ಊಟ ಮಾಡಲಿಲ್ಲವೆಂದು ಅಕ್ಕ ಹೇಳಿದಳು. ಮುದ್ದೆ ತಟ್ಟೆಯಲ್ಲೇ ಉಳಿಯಿತಂತೆ.

ಮರುದಿನ ಶುರುವಾಯಿತು ರಾದ್ಧಾಂತ. ಮೊದಲು ಉಗುರು ಹಾಕಿದರು. ಲಾರಿ ರೇಡಿಯಂ ಅದು, ಮಳೆ ಬಿಸಿಲು ಏನು ಬಂದರೂ ಏಳಬಾರದೆಂದೇ ಮಾಡಿದ್ದು. ಉಗುರು ಕಿತ್ತುಬಂತೇ ಹೊರತು ಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮಾವಿನ ಸಸಿಗೆ ಕಸಿ ಕಟ್ಟುವ ಚಾಕು ತಂದರು. ರೆಂಬೆಯ ಸಿಪ್ಪೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಎಬ್ಬಿಸುವ ಕೈ ಅವರದು. ಬಾಣವೂ ರೆಂಬೆಯೇ ಅಂದುಕೊಂಡರು. ಪಟ್ಟಿಯ ಜೊತೆಗೆ ಕಾರ್ಬನ್ನಿನ ಒಂದು ಎಳೆಯೂ ಎದ್ದು ಬಂತು. ಕೋಚ್‌ಗೆ ಹೇಳಿದಾಗ ಅವರು ಗಾಬರಿಯಾಗಿ, ಸೀಳಿದ ಬಾಣ ಎಳೆದು ಬಿಡುವಾಗ ಸಿಡಿದು ಹುಡುಗಿಯ ಕೈಗೇ ಹೊಕ್ಕೀತು, ಅದನ್ನು ಮುರಿದು ಬಿಸಾಕಿ ಎಂದರು. ಹೀಗೆ ಒಂದು ಬಾಣ ಹೋಯಿತು. ಅದರ ಬಾಲದ ತುಂಡಿನ ಮೇಲೆ ವೈ.ಎನ್. ಮಾತ್ರ ನಗುತ್ತಾ ಕೂತಿತ್ತು.

ಆಮೇಲೆ ನನ್ನ ಅಂಗಡಿಗೆ ಫೋನು ಬಂತು. ಗಿರಾಕಿಗಳು ಎದುರಿಗಿದ್ದರು, ಕೈಯಲ್ಲಿ ಮಾತ್ರೆಯ ಪಟ್ಟಿ ಇತ್ತೆಂದು ನಾನು ಸ್ಪೀಕರ್ ಹಾಕಿದೆ. ಭಾವನ ಧ್ವನಿ ಅಂಗಡಿ ತುಂಬ ಮೊಳಗಿತು.

“ಏನಮ್ಮಾ, ಸ್ಪಿರಿಟ್ ಐತಾ? ಎಷ್ಟೈತೋ ಅಷ್ಟೂ ಬಸ್ಸಿಗೆ ಹಾಕ್ಬಿಡು. ನಿಮ್ಮಕ್ಕಂಗೆ ಹೇಳ್ಬ್ಯಾಡ!”

ಎದುರಿಗೆ ನಿಂತಿದ್ದವರು ಲಕ್ಕೂರಿನ ಒಬ್ಬ ಅಮ್ಮ. ಅವರ ತಂಗಿಯನ್ನು ಯಲ್ದೂರಿಗೇ ಕೊಟ್ಟಿದೆ. ಅವರು ಕೆಮ್ಮಿನ ಔಷಧಿ ತೆಗೆದುಕೊಂಡು ನನ್ನತ್ತ ಮರುಕದ ನೋಟ ಬೀರಿ ಹೋದರು. ಸಂಜೆಯೊಳಗೆ ಅಕ್ಕನ ಫೋನು. “ಏನೇ, ಇವರು ಸ್ಪಿರಿಟ್ ಕುಡಿಯೋಕೆ ಶುರು ಮಾಡವ್ರಂತಲ್ಲ, ಊರೆಲ್ಲ ಹೇಳ್ತೈತೆ! ನೀನೇ ಸಪ್ಲೈ ಮಾಡ್ತಿದೀಯಂತೆ!”

ಸ್ಪಿರಿಟ್ ಹೋಯಿತು, ಬಟ್ಟೆಯಲ್ಲಿ ಅದ್ದಿ ಉಜ್ಜಿದರು. ಏನಾಯಿತು ಗೊತ್ತೇ? ಮಾವಿನ ಹಣ್ಣುಗಳೆಲ್ಲ ಕರಗಿ ಹೋದವು, ಹೆಸರು ಮಾತ್ರ ಹಾಗೇ ಉಳಿಯಿತು! ಉಗುರುಬಣ್ಣ ತೆಗೆಯುವ ದ್ರಾವಣ ಕಳಿಸು ಎಂದು ಮತ್ತೆ ಫೋನು. ಅದು ಬಾಣದ ಮೈಯನ್ನೇ ತಿಂದುಹಾಕೀತು, ಕಳಿಸಲ್ಲ ಎಂದೆ. ಅದಕ್ಕೆ ಅವರು ಗ್ಯಾಸ್ ಒಲೆ ಹಚ್ಚಿದರು. ಪಟ್ಟಿಯ ಅಂಟು ಕಾದರೆ ಬಿಡುತ್ತದೆಂಬ ಲೆಕ್ಕ. ಉದ್ದದ ಬಾಣವನ್ನು ಉರಿಯ ಮೇಲೆ ಹಿಂದಕ್ಕೆ ಮುಂದಕ್ಕೆ ಆಡಿಸಿದರು. ಪಟ್ಟಿ ಮುದುಡಿ ಕಪ್ಪಾಗಿ ಬಾಣಕ್ಕೇ ಮೆತ್ತಿಕೊಂಡಿತು, ಮೊನೆಯ ಅಂಟು ಕರಗಿ ಉಕ್ಕಿನ ಮೊನೆ ಟಣ್ಣೆಂದು ಸಾರಿನ ಪಾತ್ರೆಯೊಳಗೆ ಬಿತ್ತು. ಎರಡನೆಯ ಬಾಣವೂ ಹೋಯಿತು. ಸಾರನ್ನೂ ಚೆಲ್ಲಬೇಕಾಯಿತು.

ನಾನು ಅಂಗಡಿಗೆ ಬೀಗ ಹಾಕಿ ಯಲ್ದೂರಿನ ಬಸ್ಸು ಹತ್ತಿದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಆಯ್ಕೆಗೆ ಉಳಿದದ್ದು ಬೆರಳೆಣಿಕೆಯ ದಿನ, ಹುಡುಗಿಗೆ ಕೈಯಲ್ಲಿ ಬಾಣವಿಲ್ಲ. ಅತ್ತ ಅಕ್ಕಯ್ಯ ಆಗಲೇ ಸೀರೆ ತೆಗೆದಿಟ್ಟಿದ್ದಾರೆಂದು ಸುದ್ದಿ. ಭಾವ ಜಗಲಿಯ ಮೇಲೆ ಕಾಲು ಚಾಚಿ, ಉಳಿದ ಬಾಣಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಂದವಳೇ ಅಂದುಬಿಟ್ಟೆ: “ಅಲ್ಲ ಭಾವ, ಗುದ್ದಲಿ ಮೇಲೆ ಹೆಸರು, ಚೊಂಬಿನ ಮೇಲೆ ಹೆಸರು, ಎಮ್ಮೆ ಮೇಲೆ ಹೆಸರು. ಅವಕ್ಕೆ ಭಾರ ಆಗ್ಲಿಲ್ಲ, ಸುಮ್ನಿದ್ವು. ಇದು ಹಾರೋ ವಸ್ತು ಕಣ್ರೀ! ಇದರ ಮೇಲೂ ನಿಮ್ಮ ಹೆಸರು ಹೊರಿಸ್ಬೇಕಾಗಿತ್ತಾ?”

ಯಾವತ್ತೂ ಒಂದಕ್ಕೆ ಎರಡು ಉತ್ತರ ಕೊಡುವ ಭಾವ ಅವತ್ತು ಕಿತ್ತುಹೋದ ಉಗುರಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನೇ ನೋಡುತ್ತಿದ್ದರು. ಅದಕ್ಕೂ ಸ್ಟಿಕ್ಕರನ್ನೇ ಅಂಟಿಸಿದ್ದರು ಎಂಬುದು ಬೇರೆ ಮಾತು.

ಅಂಗಳದಲ್ಲಿ ಅಕ್ಕ ಅವರೆಕಾಳಿನ ರಾಶಿಯೆದುರು ಕೂತಿದ್ದಳು. ಅವರೆಯ ಕಾಲ, ನಮ್ಮ ಜಿಲ್ಲೆಯಲ್ಲಿ ಆಗ ಎಲ್ಲ ಮನೆಯ ಹೆಬ್ಬೆರಳಿಗೂ ಕೆಲಸ. ನೆನೆಹಾಕಿದ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಪಕ್ಕದಲ್ಲಿ ಮೌನಿಕಾ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವಳು ತಲೆಯೆತ್ತಿದಳು.

“ಅಮ್ಮಾ, ಬಿಸಿನೀರಲ್ಲಿ ನೆನೆಸ್ಬೇಕಂತೆ. ಕುದಿಯೋ ನೀರು ಬೇಡ, ಕೈಗೆ ಚುರ್ ಅನ್ನೋವಷ್ಟು. ಚಾಕು ಬೇಡ, ಬೆಂಕಿ ಬೇಡ. ನೆನೆದ್ಮೇಲೆ ಮೆಲ್ಲಗೆ ತಿರುವಿ ಎಳೀಬೇಕಂತೆ.”

ಅಕ್ಕ ಕೈಯಲ್ಲಿದ್ದ ಕಾಳು ಕೆಳಗಿಟ್ಟಳು. “ಅಯ್ಯೋ ನಿಮ್ಮ! ಅಂದ್ರೆ ಅವರೆಕಾಳು ಹಿತಕಿದಂಗೆ ಅನ್ನು! ಇದಕ್ಕಾ ಇಷ್ಟು ದಿನ ಮನೆ ಸುಟ್ಕೊಂಡಿದ್ದು? ಇವರು ಒಣಗಿದ ಅವರೇನ ಚಾಕು ತಗೊಂಡು ಸುಲೀತಿದ್ರಾ? ಏಳ್ರೀ ಮೇಲಕ್ಕೆ, ಬಚ್ಚಲ ಹಂಡೆಗೆ ಎರಡು ಸೌದೆ ಹಾಕಿ!”

ಹಾಕಿದರು. ಹಂಡೆಯಿಂದ ಬಿಸಿನೀರು ತೋಡಿ ಉದ್ದನೆಯ ಹಾಲಿನ ಕ್ಯಾನಿಗೆ ಹೊಯ್ದು, ಬಾಣಗಳನ್ನು ಬಾಲ ಕೆಳಗಾಗಿ ಇಳಿಬಿಟ್ಟು ಕಾದೆವು. ಅಕ್ಕ ಮೊದಲನೆಯದನ್ನು ತೆಗೆದು, ಪಟ್ಟಿಯ ಮೇಲೆ ಹೆಬ್ಬೆರಳೊತ್ತಿ ಒಮ್ಮೆ ತಿರುವಿದಳು. ಕೆಂಪು ಬಂಗಾರದ ಸಿಪ್ಪೆ ಇಡಿಯಾಗಿ ಜಾರಿ ಬಂತು! ಒಳಗೆ ಕರಿ ಬಾಣ, ಒಂದು ಗೀರಿಲ್ಲ. ನಾವು ಮೂವರೂ ಹೆಂಗಸರು ಅಂಗಳದಲ್ಲಿ ಕೂತು, ಒಂದು ಪಕ್ಕ ಅವರೆ, ಒಂದು ಪಕ್ಕ ಬಾಣ, ಎರಡನ್ನೂ ಹಿತಕಿದೆವು. ಉಳಿದ ಅಂಟನ್ನು ಒರೆಸಲು ನಾನು ಕಳಿಸಿದ್ದ ಸ್ಪಿರಿಟ್ಟೂ ಉಪಯೋಗಕ್ಕೆ ಬಂತು. ಕಿತ್ತುಬಂದ ವೈ.ಎನ್.ಗಳನ್ನು ಭಾವ ಒಂದೊಂದಾಗಿ ಆರಿಸಿ ಬಟ್ಟೆ ಹಾಕುವ ತಂತಿಯ ಮೇಲೆ ಒಣಹಾಕಿದರು. ಮರುದಿನ ಅವೆಲ್ಲ ಕೋಳಿಗೂಡಿನ ಮೇಲಿದ್ದವು.

ಆದರೆ ಬಿಸಿನೀರಿಗೆ ಗರಿಗಳ ಅಂಟೂ ಬಿಟ್ಟಿತ್ತು. ಗರಿಯಿಲ್ಲದ ಬಾಣ ಬರೀ ಕಡ್ಡಿ. ಮೂರು ಗರಿಯನ್ನೂ ಸರಿಯಾದ ದೂರದಲ್ಲಿ, ಸರಿಯಾದ ಓರೆಯಲ್ಲಿ ಕೂರಿಸಬೇಕು. ಕೋಚ್ ಅದಕ್ಕೊಂದು ಪುಟ್ಟ ಅಚ್ಚು ಕೊಟ್ಟು ಕಳಿಸಿದರು. ಮೌನಿಕಾ ಒಂದು ಅಂಟಿಸಿ ನೋಡಿದಳು, ವಾಲಿತು. ನಾನು ನೋಡಿದೆ, ನನ್ನ ಬೆರಳೇ ಬಾಣಕ್ಕೆ ಅಂಟಿಕೊಂಡಿತು! ಕೊನೆಗೆ ಎಲ್ಲರೂ ತಿರುಗಿ ಭಾವನ ಮುಖ ನೋಡಿದೆವು. ಅವರು ಕಣ್ಣಡಕ ಏರಿಸಿ, ಉಸಿರು ಬಿಗಿಹಿಡಿದು ಕೂತರು. ಒಂದೊಂದು ಗರಿಯೂ ಅಚ್ಚಿನಲ್ಲಿ ಎರೆದ ಹಾಗೆ ಕೂತಿತು. ಅವರ ಜೀವಮಾನದ ಹುಚ್ಚಿನಿಂದ ಲೋಕಕ್ಕೆ ಒಂದು ಉಪಕಾರವಾದದ್ದು ಅವತ್ತೇ. ಹೊಗಳಿದರೆ ಮತ್ತೆ ತಲೆಗೇರೀತೆಂದು ನಾನು ಬಾಯಿ ಮುಚ್ಚಿಕೊಂಡೆ.

ಆಯ್ಕೆಯ ದಿನ ನಾವೆಲ್ಲ ಕೋಲಾರದ ಮೈದಾನದಲ್ಲಿದ್ದೆವು. ಶುರುವಾಗುವ ಮೊದಲು ಒಬ್ಬ ಅಧಿಕಾರಿ ಎಲ್ಲರ ಬಿಲ್ಲು ಬಾಣ ತಪಾಸಣೆ ಮಾಡುತ್ತಿದ್ದರು. ಮೌನಿಕಾಳ ಬಾಣಗಳನ್ನು ಎತ್ತಿ ನೋಡಿ, “ಏನಮ್ಮ, ಇದರ ಮೇಲೆ ಹೆಸರೇ ಇಲ್ಲವಲ್ಲ!” ಎಂದರು. “ಪ್ರತಿ ಬಾಣದ ಮೇಲೂ ಆಟಗಾರರ ಹೆಸರೋ ಗುರುತೋ ಇರಲೇಬೇಕು. ನಿಯಮ.”

ನೋಡಿ ವಿಪರ್ಯಾಸ! ಜನ್ಮವಿಡೀ ಕಂಡಕಂಡದ್ದಕ್ಕೆ ಹೆಸರು ಅಂಟಿಸಿದ ಮನುಷ್ಯ, ಹೆಸರು ಇರಲೇಬೇಕಾದ ಒಂದೇ ಒಂದು ಜಾಗಕ್ಕೆ ಬೋಳು ಬಾಣ ಹೊತ್ತು ತಂದಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಆದರೆ ಭಾವನ ಕೈ ಜೇಬಿಗೆ ಹೋಗುವುದನ್ನು ಕಂಡು ನಗು ನಿಂತಿತು. ಆ ಜೇಬಿನಲ್ಲಿ ಸ್ಟಿಕ್ಕರಿನ ಸುರುಳಿ ಯಾವಾಗಲೂ ಇರುತ್ತದೆ. ಹೊರಗೆ ತೆಗೆದರು. ವೈ.ಎನ್. ವೈ.ಎನ್. ವೈ.ಎನ್. ಎಂದು ಸಾಲಾಗಿ ಬಿಚ್ಚಿಕೊಂಡಿತು. ಅಕ್ಕ ಸೆರಗಿನ ತುದಿ ಹಿಂಡುತ್ತಾ, “ರೀ...” ಎಂದಳು.

ಭಾವ ಸುರುಳಿಯನ್ನು ಒಂದು ಕ್ಷಣ ನೋಡಿ, ಸುತ್ತಿ, ಮತ್ತೆ ಜೇಬಿಗೇ ಹಾಕಿಕೊಂಡರು. “ಸಾರ್, ಒಂದು ಮಾರ್ಕರ್ ಪೆನ್ ಇದ್ರೆ ಕೊಡಿ” ಎಂದರು. ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದು ಬಾಣದ ಮೇಲೂ ಪುಟ್ಟದಾಗಿ, ನೆಟ್ಟಗೆ, ಒಂದೇ ಅಕ್ಷರ ಬರೆದರು. ‘ಮೌ’.

“ಇನಿಷಿಯಲ್ ಇಲ್ವಾ? ಅರ್ಜಿಯಲ್ಲಿ ವೈ.ಎನ್. ಮೌನಿಕಾ ಅಂತ ಇದೆಯಲ್ಲ” ಎಂದರು ಅಧಿಕಾರಿ.

“ಬ್ಯಾಡ ಸಾರ್. ಬಾಣ ಬಿಡೋಳು ಅವಳೊಬ್ಬಳೇ.”

ಮೌನಿಕಾ ಚೆನ್ನಾಗಿಯೇ ಬಿಟ್ಟಳು. ಆದರೆ ಹೊಸ ಗರಿ ಕೂರಿಸಿದ ಬಾಣಗಳ ಮೇಲೆ ಅವಳ ಕೈ ಪಳಗಲು ಸಾಕಷ್ಟು ದಿನ ಸಿಕ್ಕಿರಲಿಲ್ಲ. ಮೊದಲ ಸುತ್ತಿನಲ್ಲಿ ಬಾಣಗಳು ಆಚೀಚೆ ಹೋದವು. ಆಮೇಲೆ ಹಿಡಿತಕ್ಕೆ ಬಂದು ಹಳದಿಯ ಮೇಲೆ ಹಳದಿ ಹೊಡೆದಳು. ಅಷ್ಟು ಹೊತ್ತಿಗೆ ತಡವಾಗಿತ್ತು. ತಂಡದ ಕೊನೆಯ ಸ್ಥಾನ ಅವಳ ಪಕ್ಕದಲ್ಲೇ ನಿಂತಿದ್ದ ಮಾಲೂರಿನ ಹುಡುಗಿಗೆ ಹೋಯಿತು. ಹೆಸರುಗಳನ್ನು ಓದಿದಾಗ ಮೌನಿಕಾ ಚಪ್ಪಾಳೆ ತಟ್ಟಿ, ಬಂದು ಬಿಲ್ಲನ್ನು ಬಿಚ್ಚಿ ಬಿಚ್ಚಿ ಪೆಟ್ಟಿಗೆಯಲ್ಲಿಡತೊಡಗಿದಳು. ಅಟ್ಟಕ್ಕೆ ಹೋಗುವ ಬಿಲ್ಲು ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನನಗೆ ಭಾವನ ಮುಖ ನೋಡಲೂ ಮನಸ್ಸಾಗಲಿಲ್ಲ.

ಆಗಲೇ ಭಾವನ ಫೋನು ಬಡಿದುಕೊಂಡಿತು. ಅಕ್ಕಯ್ಯ. ಅವರ ಧ್ವನಿಗೆ ಸ್ಪೀಕರ್ ಬೇಕೇ, ನಮಗೆಲ್ಲ ಕೇಳಿಸಿತು.

“ಏಮೈಂದಿರಾ ತಮ್ಮುಡೂ?” ಏನಾಯಿತೋ ತಮ್ಮಾ ಅಂತ.

“ಆಗ್ಲಿಲ್ಲಕ್ಕಾ” ಎಂದರು ಭಾವ.

“ಪೋನೀಲೇರಾ! ಇಂಕೇಮಿ, ಪಿಲ್ಲ ಮಾದೇ ಕದಾ!” ಹೋಗಲಿ ಬಿಡು, ಇನ್ನೇನು, ಹುಡುಗಿ ನಮ್ಮದೇ ತಾನೇ ಎಂದು ಅಕ್ಕಯ್ಯ ನಗುವುದು ಕೇಳಿಸಿತು.

ಮೌನಿಕಾಳ ಕೈ ಪೆಟ್ಟಿಗೆಯ ಮೇಲೆ ನಿಂತಿತು.  ಅಕ್ಕಯ್ಯನ ಎದುರು ಒಂದು ದಿನವೂ ದನಿಯೆತ್ತಿದವರಲ್ಲ ಭಾವ. ಈಗಲೂ ಎತ್ತಲಿಲ್ಲ, ಮೆಲ್ಲಗೇ ಹೇಳಿದರು. “ಪಿಲ್ಲ ಮೀದಿ ಕಾದಕ್ಕಾ.” ಹುಡುಗಿ ನಿಮ್ಮದಲ್ಲ. ಆಮೇಲೆ, “ಮಾದೀ ಕಾದು. ದಾನಿ ಬತುಕು ದಾನಿದಿ” ಎಂದರು. ನಮ್ಮದೂ ಅಲ್ಲಕ್ಕಾ, ಅವಳ ಬದುಕು ಅವಳದು. ಆ ಕಡೆಯಿಂದ ಬೈಗುಳ ಶುರುವಾಯಿತು. ಭಾವ ತಲೆ ತಗ್ಗಿಸಿಕೊಂಡು ಅಷ್ಟನ್ನೂ ಕೇಳಿಸಿಕೊಂಡರು. “ಅವಳು ಸೋತಿದ್ದು ನನ್ನಿಂದ ಅಕ್ಕಾ, ನಾನು ಕೊಟ್ಟ ಮಾತಿಗೆ ನಾನೇ ಬೈಸ್ಕೋತೀನಿ” ಎಂದು ಹೇಳಿ ಫೋನಿಟ್ಟರು.   ನನಗೆ ಕಣ್ಣು ತುಂಬಿಬಂತು.

ಮೌನಿಕಾ ಎದ್ದು ಬಂದಳು. ಅಪ್ಪನ ಜೇಬಿಗೆ ಕೈಹಾಕಿ ಆ ಸುರುಳಿಯನ್ನು ಎಳೆದುಕೊಂಡಳು. ಒಂದು ವೈ.ಎನ್. ಹರಿದು ಬಿಲ್ಲಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈಯಲ್ಲಿ ಒತ್ತಿ ಅಂಟಿಸಿದಳು.

“ಬಾಣದ ಮೇಲಾದ್ರೆ ಭಾರ ಆಗ್ತದೆ ಅಪ್ಪಾ. ಪೆಟ್ಟಿಗೆ ಮೇಲಿರ್ಲಿ” ಎಂದಳು.

ಅವಸರದಲ್ಲಿ ಅಂಟಿಸಿದ್ದು, ಒಂದು ಕಡೆಗೆ ವಾಲಿತ್ತು, ನಡುವೆ ಒಂದು ಗುಳ್ಳೆಯೂ ಎದ್ದಿತ್ತು. ಭಾವ ಬಹಳ ಹೊತ್ತು ಅದನ್ನೇ ನೋಡಿದರು. ಸರಿಮಾಡಲಿಲ್ಲ.